ಬುಟ್ಟಿ ಇಳಿಸಿ ಕೇಳಿದವರು

ಆಗ ನನಗೆ ಇಪ್ಪತ್ತೆರಡು ವರ್ಷ. ಅದಾಗಿ ಈಗ ಎಪ್ಪತ್ತು ವರ್ಷವಾಯಿತು. ಒಂದೆರಡು ಆಚೆ ಈಚೆ ಇದ್ದೀತು. ನಮ್ಮ ಮನೆಯಲ್ಲಿ ಹುಟ್ಟಿದ ದಿನ ನೆನಪಿಡುತ್ತಿದ್ದದ್ದು ಕರುಗಳದ್ದು, ಹೆಣ್ಣುಮಕ್ಕಳದ್ದಲ್ಲ. ಕಾಸರಗೋಡು ಇನ್ನೂ ಮದರಾಸಿಗೆ ಸೇರಿದ್ದ ಕಾಲ. ಶಿರಿಯ ಹೊಳೆಗೆ ನಮ್ಮ ಕಡೆ ಸೇತುವೆ ಇರಲಿಲ್ಲ. ದೋಣಿ ಹತ್ತುವ ಜಾಗಕ್ಕೆ ಕಡವು ಎನ್ನುತ್ತಿದ್ದರು. ಅಲ್ಲಿ ಒಂದು ಗೋಳಿಮರದ ಕೆಳಗೆ ಹಲಗೆ ಹಾಕಿಕೊಂಡು ನಾನು ವೀಳ್ಯದೆಲೆ, ಅಡಿಕೆ, ಹೊಗೆಸೊಪ್ಪು, ಮಜ್ಜಿಗೆ ಮಾರುತ್ತಿದ್ದೆ. ಗಂಡ ಘಟ್ಟದ ಮೇಲೆ ಕಾಫಿ ತೋಟದ ಕೆಲಸಕ್ಕೆ ಹೋದವರು. ವರ್ಷಕ್ಕೊಮ್ಮೆ ಬರುತ್ತಿದ್ದರು, ಬಂದರೆ ಬಂದರು.

ಇದೆಲ್ಲ ಈಗ ಯಾಕೆ ನೆನಪಾಯಿತು ಎಂದರೆ, ಮೊನ್ನೆ ಮೊಮ್ಮಗಳು ತನ್ನ ಫೋನಿನಲ್ಲಿ ಒಬ್ಬ ಹಾಡುವವನನ್ನು ತೋರಿಸಿದಳು. ನಮ್ಮ ಮೀಂಜದ ಕಡೆಯವನಂತೆ. ಯಾವ ಕಂಪೆನಿಯವನೂ ಅಲ್ಲ, ಸಿನಿಮಾದವನೂ ಅಲ್ಲ, ಸ್ವಂತ ಕಟ್ಟಿ ಸ್ವಂತ ಹಾಡುವವ. "ನೋಡಜ್ಜಿ, ಎಷ್ಟು ಸಾವಿರ ಜನ ಕೇಳಿದ್ದಾರೆ!" ಎಂದಳು. ನಾನು ಕೇಳಿದೆ, "ಅದರಲ್ಲಿ ಬುಟ್ಟಿ ಇಳಿಸಿದವರು ಎಷ್ಟು?" ಅವಳು ನನ್ನ ಮುಖ ನೋಡಿದಳು. ಅಜ್ಜಿಗೆ ತಲೆ ಸರಿಯಿಲ್ಲ ಎಂದು ಅವಳ ಮುಖದಲ್ಲೇ ಬರೆದಿತ್ತು. ನಾನು ಮೂರನೇ ಕ್ಲಾಸಿನವರೆಗೆ ಕಲಿತವಳು, ಆದರೂ ಅದನ್ನು ಓದಬಲ್ಲೆ.

ಬುಟ್ಟಿ ಇಳಿಸುವುದು ಎಂದರೆ ಎಂತ ಎಂದು ಹೇಳಬೇಕಾದರೆ ಐತಪ್ಪಣ್ಣನ ವಿಷಯ ಹೇಳಬೇಕು.

ಐತಪ್ಪಣ್ಣ ಒಂದು ಯಕ್ಷಗಾನ ಮೇಳದಲ್ಲಿ ಭಾಗವತರ ಪಕ್ಕ ಕೂತು ಹಾಡುತ್ತಿದ್ದವರು. ತಾನೇ ಕಟ್ಟಿದ ಪದ ಒಂದಾದರೂ ಹಾಡಬೇಕು ಎಂದು ಅವರ ಹಟ. ಮೇಳಕ್ಕೆ ಬಂದವನು ಮೇಳದ ಪದ ಹಾಡಬೇಕು ಎಂದು ಭಾಗವತರ ಹಟ. ಇಬ್ಬರದ್ದೂ ಗಟ್ಟಿ ಗಂಟಲು, ಜಗಳ ನಾಲ್ಕು ಊರಿಗೆ ಕೇಳಿಸಿತು. ಇವರು ಒಂದು ಶ್ರುತಿಪೆಟ್ಟಿಗೆ ಬಗಲಿಗೆ ಹಾಕಿಕೊಂಡು ಅಣ್ಣನ ಮನೆಗೆ ಬಂದು ಕೂತರು. ಅತ್ತಿಗೆ ಅನ್ನದ ಜೊತೆ ಮಾತನ್ನೂ ಬಡಿಸುವ ಜಾತಿ. ಹಾಗಾಗಿ ಮಧ್ಯಾಹ್ನದ ಊಟವಾದದ್ದೇ ಕಡವಿಗೆ ಬಂದು ಗೋಳಿಮರದ ಬೇರಿನ ಮೇಲೆ ಕೂತು ಹಾಡಲು ಸುರುಮಾಡಿದರು.

ನಮ್ಮ ಕಡೆ ಹಾಡಿಗೆ ಒಂದು ಜಾಗ ಬೇಕು. ದೇವಸ್ಥಾನದಲ್ಲಿ ಹಾಡಿದರೆ ಸೇವೆ, ಮೇಳದಲ್ಲಿ ಹಾಡಿದರೆ ಆಟ, ಗದ್ದೆಯಲ್ಲಿ ಹಾಡಿದರೆ ಕೆಲಸ, ದಾರಿಯಲ್ಲಿ ಹಾಡಿದರೆ ಭಿಕ್ಷೆ. ಇದು ಯಾವುದೂ ಅಲ್ಲದೆ ಒಬ್ಬ ಗಂಡಸು ಸುಮ್ಮನೆ ಕೂತು ಹಾಡಿದರೆ ಅದು ಯಾವ ಲೆಕ್ಕ ಎಂದು ಯಾರಿಗೂ ತಿಳಿಯಲಿಲ್ಲ. ಮೊದಲ ದಿನವೇ ಬಾಯಾರು ಎಂಬ ಊರಿನ ಕಡೆಯ ಒಬ್ಬರು ಅವರ ಎದುರಿಗೆ ಒಂದು ಮುಕ್ಕಾಲು ಕಾಸು ಇಟ್ಟರು. ಐತಪ್ಪಣ್ಣ ಹಾಡು ನಿಲ್ಲಿಸಿ ಅದನ್ನು ಎತ್ತಿ ಕೊಟ್ಟರು.

"ನಾನು ಬೇಡುವವನಲ್ಲ ಮಾರಾಯ್ರೆ."

"ಮತ್ತೆ ಎಂತಕ್ಕೆ ಹಾಡುವುದು?"

"ನಿಮಗೆ ಕೇಳಲಿಕ್ಕೆ."

"ಕೇಳಿ ನಮಗೆ ಎಂತ ಆಗಬೇಕು?" ಎಂದು ಆ ಮನುಷ್ಯ ನಿಜವಾಗಿಯೂ ಗೊತ್ತಿಲ್ಲದೆ ಕೇಳಿದ. ಐತಪ್ಪಣ್ಣ ಪೆಟ್ಟಿಗೆ ಎಳೆದುಕೊಂಡು ಇನ್ನೊಂದು ಪದ ಸುರುಮಾಡಿದರು.

ಅವರಿಗೆ ಬೇಕಾದದ್ದು ಕಾಸಲ್ಲ, ವೀಳ್ಯ. ಒಂದು ಮನೆಯವರು ಐದು ಎಲೆ, ಎರಡು ಅಡಿಕೆ ಹಿಡಿದುಕೊಂಡು ಬಂದು, 'ಇಂಥ ದಿನ ನಮ್ಮಲ್ಲಿಗೆ ಬಂದು ಹಾಡಬೇಕು' ಎಂದು ಕೈಯಲ್ಲಿಟ್ಟರೆ ಅವನು ಹಾಡುಗಾರ. ಬಾಯಿಮಾತಿಗೆ ಹೋದರೆ ಬರೇ ಊಟಕ್ಕೆ ಬಂದವ. ವೀಳ್ಯ ತೆಗೆದುಕೊಂಡು ಹೋಗದಿದ್ದರೆ ಮಾತ್ರ ಮುಗಿಯಿತು, ಮತ್ತೆ ಯಾವ ಮನೆಯೂ ಕರೆಯುವುದಿಲ್ಲ. ಅವರ ಅಣ್ಣ ಖಡಾಖಂಡಿತ ಹೇಳಿದ್ದರು: ಈ ಬೇಸಗೆಯೊಳಗೆ ಒಂದು ಮನೆಯಿಂದಾದರೂ ವೀಳ್ಯ ಬರದಿದ್ದರೆ ಪೆಟ್ಟಿಗೆ ಮಾರಿ ಮಂಗಳೂರಿನ ಹಂಚಿನ ಕಾರ್ಖಾನೆಗೆ ಹೋಗಬೇಕು, ಅಷ್ಟೆ.

ಮೊದಲು ಕೇಳಿದವರು ಕೇಳಲೇಬೇಕಾದವರು. ದೋಣಿ ಆಚೆ ದಡದಲ್ಲಿದ್ದರೆ ಈಚೆಯವರು ಹೋಗುವುದಾದರೂ ಎಲ್ಲಿಗೆ? ಕಿವಿಗೆ ಮುಚ್ಚಳ ಇಲ್ಲ. ಐತಪ್ಪಣ್ಣ ಬುದ್ಧಿವಂತರು. ಬಂದವರ ಬಾಯಿಂದ ಯಾವ ಮಾತು ಬೀಳುತ್ತದೆ ಎಂದು ನೋಡಿ ತುಳುವಿನವರಿಗೆ ತುಳುವಿನಲ್ಲಿ, ಕನ್ನಡದವರಿಗೆ ಕನ್ನಡದಲ್ಲಿ ಹಾಡುತ್ತಿದ್ದರು. ದೋಣಿಯ ಮಮ್ಮುಂಞಿ ಕಾಕನಿಗಾಗಿ ಮಲೆಯಾಳದಲ್ಲಿಯೂ ಅರ್ಧ ಪದ ಕಟ್ಟಿದ್ದರು. ಉಳಿದರ್ಧಕ್ಕೆ ಅವರ ಮಲೆಯಾಳ ಸಾಲಲಿಲ್ಲ. ನೆಕ್ರಾಜೆಯಿಂದ ಬರುವ ಒಬ್ಬ ಮುದುಕರ ಎತ್ತು ಕಳೆದುಹೋಗಿ ಸಿಕ್ಕಿದ್ದನ್ನು ಪದ ಮಾಡಿದರು. ಆ ಮುದುಕರು ಅದನ್ನು ಕೇಳಿಸಲು ಮರುವಾರ ತಮ್ಮ ಹೆಂಡತಿಯನ್ನು ಕರೆದುಕೊಂಡು ಬಂದರು, ಆಮೇಲೆ ಹೆಂಡತಿಯ ತಂಗಿಯನ್ನು. ಎತ್ತನ್ನು ಮಾತ್ರ ಕರೆತರಲಿಲ್ಲ.

ನಮ್ಮವರಿಗೆ ಚಪ್ಪಾಳೆ ಗೊತ್ತಿರಲಿಲ್ಲ. ಗಂಡಸರಿಗೆ ಹಾಡು ಹಿಡಿಸಿತು ಎಂದು ತಿಳಿಯುತ್ತಿದ್ದದ್ದು, ಬಾಯಲ್ಲಿ ಆಗಷ್ಟೆ ಕೆಂಪೇರಿದ ಎಲೆಯಡಿಕೆಯನ್ನು ಉಗುಳಿ 'ಇನ್ನೊಂದು ಹೇಳಿ' ಎಂದಾಗ. ಹದಕ್ಕೆ ಬಂದ ರಸ ಉಗುಳುವುದೆಂದರೆ ಸಣ್ಣ ಮಾತಲ್ಲ, ತಿನ್ನುವವರಿಗೆ ಗೊತ್ತು. ಹೆಂಗಸರದ್ದು ಅದಕ್ಕಿಂತ ದೊಡ್ಡದು. ಮೀನು ಹೊತ್ತು ಬರುವ ಹೆಂಗಸರು ತಲೆಯ ಮೇಲಿನ ಬುಟ್ಟಿ ಇಳಿಸುವುದಿಲ್ಲ. ಇಳಿಸಿದರೆ ಮತ್ತೆ ಎತ್ತಿ ಇಡಲು ಇನ್ನೊಬ್ಬರ ಕೈ ಬೇಕು, ಅಷ್ಟರಲ್ಲಿ ಬಿಸಿಲಿಗೆ ಮೀನು ಕೆಡುತ್ತದೆ. ಅವರಲ್ಲಿ ಬಾಗಿ ಎಂಬವಳೊಬ್ಬಳು ಇದ್ದಳು, ಯಾರಿಗೂ ಬಗ್ಗದವಳು. ಎರಡು ತಿಂಗಳು ಬುಟ್ಟಿ ಹೊತ್ತುಕೊಂಡೇ ನಿಂತು ಕೇಳಿದಳು. ಒಂದು ದಿನ ನನ್ನ ಹತ್ತಿರ ಬಂದು, "ಕಲ್ಯಾಣೀ, ಒಂದು ಕೈ ಕೊಡು, ಇಳಿಸುವ" ಎಂದಳು. ಇಳಿಸಿ ಕೂತಳು. ದೋಣಿ ಬಂತು, ಹೋಯಿತು. ಅವಳು ಏಳಲಿಲ್ಲ. ಐತಪ್ಪಣ್ಣ ಆ ಪದವನ್ನು ಮೊದಲಿಂದ ಇನ್ನೊಮ್ಮೆ ಹಾಡಿದರು.

ಅಲ್ಲಿಂದ ಮೇಲೆ ಒಂದು ದೋಣಿ ಬಿಟ್ಟು ಕೂರುವವರು ಹೆಚ್ಚಾದರು. ಮಮ್ಮುಂಞಿ ಕಾಕನಿಗೆ ಸಿಟ್ಟು ಬಂತು.

"ಐತಪ್ಪಾ, ನಿನ್ನ ಹಾಡಿನಿಂದ ನನ್ನ ದೋಣಿ ಖಾಲಿ ಹೋಗ್ತಾ ಉಂಟು."

"ಎರಡನೇ ಸಲ ತುಂಬಿ ಹೋಗ್ತದಲ್ಲ ಕಾಕಾ?"

"ತುಂಬುವುದಲ್ಲ ಮಾರಾಯ, ಮುಳುಗುವ ಹಾಗೆ ಹತ್ತುತ್ತಾರೆ! ಅದರ ಮೇಲೆ ಹತ್ತಿ ಕೂತು ನಿನ್ನ ಪದವನ್ನೇ ಕಿರುಚುತ್ತಾರೆ."

ಹೀಗೆ ಬೈಯುತ್ತಿದ್ದವರು, ಆಚೆ ದಡದಿಂದ ಬರುವಾಗ ಹಾಡು ಕೇಳಿಸಿದರೆ ಗಳ ಊರುವುದನ್ನು ನಿಧಾನ ಮಾಡುತ್ತಿದ್ದರು. ನಾನು ನೋಡಿದ್ದೇನೆ.

ಕೂತವರ ಬಾಯಿ ಸುಮ್ಮನಿರುತ್ತದಾ? ಎಲೆ ಬೇಕು, ಅಡಿಕೆ ಬೇಕು, ಮಜ್ಜಿಗೆ ಬೇಕು. ಐತಪ್ಪಣ್ಣ ಬರುವ ಮೊದಲು ನನ್ನ ಎಲೆ ಸಂಜೆಗೆ ಬಾಡಿಹೋಗುತ್ತಿತ್ತು. ಈಗ ಮೂರು ಗಂಟೆಗೆ ಹಲಗೆ ಖಾಲಿ. ನನಗೆ ಸಂಗೀತದ ಮೇಲೆ ಪ್ರೀತಿ ಹುಟ್ಟಿದ್ದು ಹೀಗೆ. ಬೇರೆ ಕಾರಣ ಹೇಳಿದರೆ ಚಂದ ಕಾಣಬಹುದು, ಆದರೆ ಅದು ಸುಳ್ಳು.

ಸುಳ್ಳು ಎಂದೆನಲ್ಲ, ಇನ್ನು ಆ ಸೋಮವಾರದ ವಿಷಯಕ್ಕೆ ಬರುತ್ತೇನೆ. ನಮ್ಮ ದಡದಲ್ಲಿ, ಎರಡು ಮೈಲು ಒಳಗೆ, ಪಾಲೆತ್ತಡಿ ಎಂದೊಂದು ದೊಡ್ಡ ಮನೆ. ಅವರು ಹೊಸ ಮನೆ ಕಟ್ಟಿದ್ದರು, ಗುರುವಾರ ಒಕ್ಕಲು, ಎಂದರೆ ಗೃಹಪ್ರವೇಶ. ಯಜಮಾನರ ತಮ್ಮ ಸಂಕಪ್ಪಣ್ಣ ಬೆಳಿಗ್ಗೆ ಕಡವಿಗೆ ಬಂದರು. ಐತಪ್ಪಣ್ಣ ಇನ್ನೂ ಬಂದಿರಲಿಲ್ಲ. ಸಂಕಪ್ಪಣ್ಣನಿಗೆ ಆಚೆ ದಡದ ನೆಂಟರನ್ನು ಕರೆಯಲು ಹೇಳಿಕೆಗೆ ಹೋಗುವ ಅವಸರ. ಐದು ಎಲೆ, ಎರಡು ಅಡಿಕೆ ನನ್ನ ಹಲಗೆಯ ಮೇಲಿಟ್ಟು, "ಐತಪ್ಪನಿಗೆ ಕೊಡು. ಗುರುವಾರ ಊಟದ ಮೇಲೆ ಹಾಡು ಅಂತ ಹೇಳು" ಎಂದು ದೋಣಿ ಹತ್ತಿದರು. ನಾನು ತಲೆಯಾಡಿಸಿದೆ. ಅದೇ ದೋಣಿಯಲ್ಲಿ ಬಂದು ಇಳಿದ ಹತ್ತು ಹನ್ನೆರಡು ಜನ ನನ್ನ ಹಲಗೆಗೆ ಮುತ್ತಿದರು. ನನಗೆ ಎಲೆ, ನನಗೆ ಎಲೆ. ಕೊಟ್ಟೆ. ಜನ ಹೋದ ಮೇಲೆ ನೋಡಿದರೆ ಹಲಗೆಯ ಮೇಲೆ ಎರಡು ಅಡಿಕೆ ಮಾತ್ರ ಉಳಿದಿತ್ತು. ಐತಪ್ಪಣ್ಣನ ವೀಳ್ಯ ಅಷ್ಟರಲ್ಲಿ ಯಾರ್ಯಾರದೋ ಬಾಯಲ್ಲಿ ಕೆಂಪಗಾಗಿ ಬಾಯಾರಿನ ದಾರಿ ಹಿಡಿದಿತ್ತು.

ಇದು ತಪ್ಪು, ಕೇಡಲ್ಲ. ಎಲೆಗೆ ಹೆಸರು ಬರೆದಿರುವುದಿಲ್ಲ. ನನ್ನ ಬುಟ್ಟಿಯಲ್ಲಿ ಒದ್ದೆ ಬಟ್ಟೆಯೊಳಗೆ ನೂರು ಎಲೆ ಇತ್ತು, ಐದು ತೆಗೆದು ಆ ಎರಡು ಅಡಿಕೆಯ ಜೊತೆ ಇಟ್ಟಿದ್ದರೆ ಮುಗಿಯುತ್ತಿತ್ತು. ತೆಗೆದೆ ಕೂಡ. ಕೈಯಲ್ಲಿ ಹಿಡಿದುಕೊಂಡು ಯೋಚಿಸಿದೆ. ಪಾಲೆತ್ತಡಿಯಲ್ಲಿ ಹಾಡಿದರೆ ನಾಲ್ಕು ಮನೆಯವರು ಕೇಳುತ್ತಾರೆ, ನಾಲ್ಕು ಮನೆಯವರು ಕರೆಯುತ್ತಾರೆ. ಆಮೇಲೆ ಈ ಮರದ ಬುಡದಲ್ಲಿ ಯಾರು ಕೂರುತ್ತಾರೆ? ನನ್ನ ಎಲೆಯನ್ನು ಯಾರು ಕೇಳುತ್ತಾರೆ? ನಾಳೆ ಕೊಟ್ಟರಾಯಿತು ಎಂದು ಎಲೆಯನ್ನು ವಾಪಸು ಬುಟ್ಟಿಗೆ ಹಾಕಿದೆ. ಮಂಗಳವಾರ ಹಾಗೆಯೇ ಹೋಯಿತು. ಬುಧವಾರವೂ ಹೋಯಿತು. ಎರಡು ದಿನವೂ ಐತಪ್ಪಣ್ಣ ನನ್ನಿಂದ ಮೂರು ಮಾರು ದೂರದಲ್ಲೇ ಕೂತಿದ್ದರು. ಮರೆತೆ ಎಂದು ಹೇಳಿಕೊಳ್ಳಲು ಜಾಗವೇ ಇಲ್ಲ.

ಗುರುವಾರ ಆಚೆ ದಡದ ನೆಂಟರು ಬೆಳಿಗ್ಗೆಯೇ ದಾಟಿ ಒಕ್ಕಲಿಗೆ ಹೋದರು. ಮಧ್ಯಾಹ್ನದ ಮೇಲೆ ಐತಪ್ಪಣ್ಣ ಎಂದಿನಂತೆ ಬಂದು ಎಂದಿನಂತೆ ಹಾಡಿದರು. ಸಂಜೆ ಬಿಸಿಲು ಇಳಿಯುವ ಹೊತ್ತಿಗೆ ನೆಂಟರನ್ನು ದೋಣಿ ಹತ್ತಿಸಲು ಸಂಕಪ್ಪಣ್ಣನೂ ಬಂದರು. ಹಾಡುತ್ತಿದ್ದವರನ್ನು ಕಂಡು ಅಲ್ಲೇ ನಿಂತರು.

"ಓಹೋ! ಇಲ್ಲಿ ಉಂಟಾ ನಿನ್ನ ಸಂಗೀತ? ಅಲ್ಲಿ ಊಟ ಮಾಡಿದ ಜನರನ್ನೆಲ್ಲ ಕೂರಿಸಿ ನಾವು ದಾರಿ ನೋಡುವುದು, ನೀನು ಇಲ್ಲಿ ಮೀನಿನವರಿಗೆ ಹಾಡುವುದು!"

"ಮೀನಿನವರಿಗೆ ಕಿವಿ ಇಲ್ಲವಾ ಅಣ್ಣಾ?" ಎಂದಳು ಬಾಗಿ.

ಐತಪ್ಪಣ್ಣ ಪೆಟ್ಟಿಗೆಯಿಂದ ಕೈ ತೆಗೆದರು. "ನನ್ನನ್ನು ಯಾರು ಕರೆದದ್ದು?"

"ವೀಳ್ಯ ತೆಗೆದುಕೊಂಡವ ಕೇಳುವ ಮಾತಾ ಇದು?" ಸಂಕಪ್ಪಣ್ಣ ನನ್ನ ಕಡೆ ತಿರುಗಿದರು. "ಕಲ್ಯಾಣೀ, ಸೋಮವಾರ ನಿನ್ನ ಹಲಗೆಯಲ್ಲಿ ಇಟ್ಟೆನಲ್ಲ, ಕೊಡಲಿಲ್ಲವಾ ನೀನು?"

ಕಡವಿನಲ್ಲಿ ಇದ್ದ ಅಷ್ಟೂ ಜನ ನನ್ನನ್ನು ನೋಡಿದರು.

"ಕೊಟ್ಟಿದ್ದೇನೆ," ಎಂದೆ.

ಐತಪ್ಪಣ್ಣ ನನ್ನನ್ನು ನೋಡಿದರು. ಸುಳ್ಳು ಎನ್ನಬಹುದಿತ್ತು. ಗಂಡ ಊರಲ್ಲಿಲ್ಲದೆ ಹತ್ತು ಜನರ ಎದುರು ಹಲಗೆ ಇಟ್ಟು ಬದುಕುವ ಹೆಂಗಸು, ಅವಳ ಮಾತು ಸುಳ್ಳು ಎಂದಾದರೆ ಮರುದಿನ ಅಲ್ಲಿ ಕೂರಲು ಯಾರೂ ಬಿಡುವುದಿಲ್ಲ. ಅದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಅವರು ಸಂಕಪ್ಪಣ್ಣನಿಗೆ ಕೈಮುಗಿದು, "ನನ್ನದೇ ತಪ್ಪು. ದಿನ ಮರೆತುಹೋಯಿತು" ಎಂದರು.

"ಇನ್ನು ನಿನ್ನನ್ನು ನಾಯಿಯೂ ಕರೆಯಲಿಕ್ಕಿಲ್ಲ," ಎಂದು ಹೇಳಿ ಸಂಕಪ್ಪಣ್ಣ ಹೋದರು. ನೆಂಟರು ದೋಣಿಯಲ್ಲಿ ಅದನ್ನೇ ಮಾತಾಡುತ್ತಾ ಹೋದರು. ಆಚೆ ದಡದ ಊರುಗಳಿಗೆಲ್ಲ ಸುದ್ದಿ ಮುಟ್ಟಲು ಅಷ್ಟು ಸಾಕು.

ಐತಪ್ಪಣ್ಣ ಪೆಟ್ಟಿಗೆ ಕಟ್ಟಿದರು. ಆಚೆಯಿಂದ ತಿರುಗಿ ಬಂದ ಕಾಕನ ಹತ್ತಿರ, "ನಾಡಿದ್ದು ಮಂಗಳೂರಿಗೆ ಹೊರಡುವುದು ಕಾಕಾ, ಹಂಚಿನ ಕೆಲಸಕ್ಕೆ" ಎಂದರು. ಆಮೇಲೆ ನನ್ನ ಹಲಗೆಯ ಹತ್ತಿರ ಬಂದು, "ಮಜ್ಜಿಗೆ ಉಂಟಾ ಕಲ್ಯಾಣಿ?" ಎಂದು ಕೇಳಿದರು. ಕೊಟ್ಟೆ. ಕುಡಿದು, ಲೋಟ ಕವುಚಿ ಇಟ್ಟು ಹೋದರು. ಬೈದಿದ್ದರೆ ನಾನೂ ನಾಲ್ಕು ಮಾತು ಬೈದು ಸಮ ಮಾಡುತ್ತಿದ್ದೆ.

ಮರುದಿನ ಬೆಳಿಗ್ಗೆ ನಾನು ಕಡವಿಗೆ ಹೋಗಲಿಲ್ಲ. ನೇರ ಪಾಲೆತ್ತಡಿಗೆ ನಡೆದೆ. ಹೊಸ ಮನೆಯ ಅಂಗಳದಲ್ಲಿ ಹೆಂಗಸರು ಹಿಂದಿನ ದಿನದ ಕೊಪ್ಪರಿಗೆಗಳನ್ನು ಬೂದಿ ಹಾಕಿ ತಿಕ್ಕುತ್ತಿದ್ದರು. ಯಜಮಾನರ ತಾಯಿ, ಊರಿನವರೆಲ್ಲ ದೊಡ್ಡಮ್ಮ ಎನ್ನುವವರು, ಜಗಲಿಯಲ್ಲಿ ಕೂತು ಉಳಿದ ತೆಂಗಿನಕಾಯಿ ಎಣಿಸುತ್ತಿದ್ದರು. ನಾನು ಅಂಗಳದಲ್ಲಿ ನಿಂತೇ ಹೇಳಿದೆ.

"ದೊಡ್ಡಮ್ಮಾ, ಐತಪ್ಪಣ್ಣನಿಗೆ ವೀಳ್ಯ ಮುಟ್ಟಲಿಲ್ಲ. ನಾನು ಮಾರಿದೆ."

"ಎಂತ ಮಾರಿದ್ದು?"

"ವೀಳ್ಯ. ಐದು ಎಲೆಯನ್ನೂ. ಮೊದಲು ಗೊತ್ತಾಗದೆ ಮಾರಿದ್ದು, ಆಮೇಲೆ ಗೊತ್ತಿದ್ದೇ ಸುಮ್ಮನೆ ಕೂತದ್ದು. ನಿನ್ನೆ ಹೇಳಿದ್ದೂ ಸುಳ್ಳು."

ಕೊಪ್ಪರಿಗೆ ತಿಕ್ಕುವ ಶಬ್ದ ನಿಂತಿತು. ಒಳಗಿನಿಂದ ಸಂಕಪ್ಪಣ್ಣ ಹೊರಗೆ ಬಂದರು. ಅವರು ಹೇಳಿದ್ದನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ಹೇಳಿಸಿಕೊಳ್ಳುವ ಕೆಲಸವನ್ನೇ ನಾನು ಮಾಡಿದ್ದು. ಅವರು ಸುಸ್ತಾದ ಮೇಲೆ ನಾನು, "ಇನ್ನೊಂದು ದಿನಕ್ಕೆ ಅವರನ್ನು ಕರೆಯಬೇಕು" ಎಂದೆ.

ದೊಡ್ಡಮ್ಮ ನಕ್ಕರು. "ಒಕ್ಕಲು ಮುಗಿಯಿತಲ್ಲ ಮಾರಾಯ್ತಿ, ಇನ್ನು ಎಂತಕ್ಕೆ ಕರೆಯುವುದು? ಸಂಕಪ್ಪ ಹೇಳಿದ ಅಂತ ನಿನ್ನೆ ಕರೆದದ್ದು. ಕಡವಿನಲ್ಲಿ ಕೂತು ಕೇಳಲಿಕ್ಕೆ ನಾವು ಬರುತ್ತೇವಾ? ಅವ ಹೇಗೆ ಹಾಡುತ್ತಾನೆ ಅಂತ ಈ ಮನೆಯ ಹೆಂಗಸರಿಗೆ ಎಂತ ಗೊತ್ತು?"

ಆ ಮಾತು ಸರಿಯೇ. ಅವರಿಗೆ ಗೊತ್ತಿಲ್ಲ, ನನಗೆ ಗೊತ್ತುಂಟು. ಆದರೆ ಹಾಡು ಚಂದ ಉಂಟು ಎಂದು ಹೇಳಿ ತೋರಿಸಲು ಆಗುವುದಿಲ್ಲ, ನಾನು ಮಾತು ಕಲಿತವಳೂ ಅಲ್ಲ. ಐತಪ್ಪಣ್ಣ ಕಟ್ಟಿದ್ದರಲ್ಲಿ ನನಗೆ ಪೂರ್ತಿ ಬರುತ್ತಿದ್ದದ್ದು ಒಂದೇ ಪದ: ಮದುಮಗಳೊಬ್ಬಳು ದೋಣಿಯಲ್ಲಿ ಕೂತು, ತವರಿನ ದಡದಲ್ಲಿ ನಿಂತ ತಾಯಿ ಮೊದಲು ಮಗುವಿನಷ್ಟು, ಆಮೇಲೆ ಕೊಕ್ಕರೆಯಷ್ಟು ಸಣ್ಣದಾಗುವುದನ್ನು ನೋಡುವ ಪದ. ನನ್ನ ದನಿ ಒಡೆದ ಮಡಕೆ ಉಜ್ಜಿದ ಹಾಗೆ. ತೊಟ್ಟಿಲ ಹತ್ತಿರ ಕೂಡ ನನ್ನನ್ನು ಹಾಡಲು ಯಾರೂ ಬಿಟ್ಟವರಲ್ಲ. ಆದರೂ ಆ ಅಂಗಳದ ನಡುವೆ ನಿಂತು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಹಾಡಿದೆ. ಮೊದಲ ನುಡಿಗೆ ಸೊಸೆಯಂದಿರು ಬಾಯಿಗೆ ಸೆರಗು ಹಿಡಿದು ನಕ್ಕರು. ಎರಡನೆಯದಕ್ಕೆ ನಗು ಕಡಿಮೆಯಾಯಿತು. ಆ ಮನೆಯ ಸೊಸೆಯಂದಿರೆಲ್ಲ ಕಾಕನ ದೋಣಿಯಲ್ಲೇ ಹೊಳೆ ದಾಟಿ ಬಂದವರು. ಮೂರನೆಯದು ಮುಗಿಯುವಾಗ ಒಬ್ಬಳು ಬೂದಿಯ ಕೈಯಲ್ಲೇ ಮೂಗು ಒರೆಸಿಕೊಂಡಳು.

"ಸಾಕು, ನಿಲ್ಲಿಸು ಮಾರಾಯ್ತಿ," ಎಂದರು ದೊಡ್ಡಮ್ಮ, ಕಣ್ಣು ಆಚೆ ತಿರುಗಿಸಿ. "ಸಂಕಪ್ಪಾ, ಎಲೆ ತೆಗೆದುಕೊಂಡು ಈಗಲೇ ಹೋಗು. ಅವನ ಕೈಗೇ ಕೊಡು. ಅವನೇ ಬಂದು ಹಾಡಲಿ."

ನಾನು ನಿಲ್ಲಿಸಲಿಲ್ಲ. ಇನ್ನೂ ಎರಡು ನುಡಿ ಬಾಕಿ ಇತ್ತು. ಹಾಡಿ ಮುಗಿಸಿಯೇ ಹೊರಟೆ.