ಅಲುಗದ ಸರಳುಗಳು

ಕಿಣಿ, ಕಿಣಿ, ಕಿಣಿ. ಗಾಡಿಯನ್ನು ಗ್ಯಾರೇಜಿನೊಳಗಿಂದ ಅಂಗಳಕ್ಕೆ ತಳ್ಳುತ್ತಿದ್ದಾಗ ಅದರ ಹೊಟ್ಟೆಯಡಿಯಿಂದ ಗೆಜ್ಜೆಯಂಥ ಸದ್ದು ಕೇಳಿ ಬೊನವೆಂಚರ್ ಕುಟಿನ್ಹಾರ ಕೈ ಅಲ್ಲೇ ನಿಂತಿತು. ಪೆಡಲಿನಿಂದ ಚಕ್ರಕ್ಕೆ ಹೋಗುವ ಬ್ರೇಕಿನ ಸರಳು ಕೆಲಸ ಮಾಡುತ್ತಿದ್ದರೆ ಬಿಗಿಯಾಗಿರುತ್ತದೆ, ಸದ್ದು ಮಾಡುವುದಿಲ್ಲ. ಸುಮ್ಮನೆ ನೇತುಬಿದ್ದದ್ದು ಮಾತ್ರ ಹೀಗೆ ಕಿಣಿಗುಡುತ್ತದೆ. ಈ ಗಾಡಿಯ ನಾಲ್ಕು ಸರಳುಗಳೂ ಬರೀ ತೋರಿಕೆಗೆ ನೇತಾಡುತ್ತಿವೆ ಎಂಬುದು ಕುವೈತಿನ ಅರ್ದಿಯಾದ ಆ ಗ್ಯಾರೇಜಿನಲ್ಲಿ ಅವರೊಬ್ಬರಿಗೇ ಗೊತ್ತಿತ್ತು. ನಾಲ್ಕು ಗಂಟೆಗೆ ಗಾಡಿಯ ಒಡೆಯ ಬದರ್ ಬರುವವನಿದ್ದ. ಆಗ ಗಂಟೆ ಎರಡೂವರೆ.

ಹಳೆಯ ಸೀಟಿನ ಚರ್ಮದ ಚೂರುಗಳನ್ನು ಹಿಡಿದು ಅವರು ಗಾಡಿಯಡಿ ತೂರಿದರು. ಸರಳು ಕೊಂಡಿಗೆ ಸೇರುವ ಕಡೆಯಲ್ಲೆಲ್ಲ ಒಂದೊಂದು ಚೂರು ಸಿಕ್ಕಿಸಿ, ಚಕ್ರ ಹಿಡಿದು ಅಲ್ಲಾಡಿಸಿದರು. ಸದ್ದಿಲ್ಲ. ಸದ್ದನ್ನೇನೋ ಅಡಗಿಸಬಹುದು. ಆದರೆ ಯಾರಾದರೂ ಕೆಳಗೆ ಮಲಗಿ, ಇನ್ನೊಬ್ಬರಿಂದ ಪೆಡಲ್ ಒತ್ತಿಸಿ ನೋಡಿದರೆ?

ಕಿನ್ನಿಗೋಳಿಯ ಹತ್ತಿರ ಹುಟ್ಟಿ, ಮಂಗಳೂರು ಬಂದರಿನ ಗ್ಯಾರೇಜೊಂದರಲ್ಲಿ ಬಸ್ಸುಗಳ ಟಿಂಕರಿಂಗ್ ಕಲಿತು, ತೊಂಬತ್ತಮೂರರಲ್ಲಿ ಕುವೈತಿಗೆ ಬಂದವರು ಬೊನವೆಂಚರ್. ಯುದ್ಧ ಮುಗಿದು ಎರಡು ವರ್ಷವಾಗಿತ್ತಷ್ಟೇ. ಮೊದಲು ಸಿಕ್ಕಿದ್ದು ಗುಂಡು ತೂತು ಕೊರೆದ ಬಾಗಿಲುಗಳನ್ನು ಮುಚ್ಚುವ ಕೆಲಸ. ಹದಿನಾರು ವರ್ಷಗಳಿಂದ ಅದೇ ಸುತ್ತಿಗೆ, ಅದೇ ಕೈ. ತಗಡು ಸಮವಾಯಿತೋ ಇಲ್ಲವೋ ಎಂದು ಕಣ್ಣು ಮುಚ್ಚಿ, ಎಡ ಅಂಗೈಯಿಂದ ಸವರಿಯೇ ಅವರು ಹೇಳುವುದು. ಮೈದಾನ್ ಹವಲ್ಲಿಯ ಮನೆಯಲ್ಲಿ ಹೆಂಡತಿ ಕ್ಲಾರಾ ಇಸ್ತ್ರಿ ಮಾಡಿಟ್ಟ ಅಂಗಿಯನ್ನೂ ಹಾಗೆ ಸವರಿ ನೋಡಿ ಬೈಸಿಕೊಂಡದ್ದುಂಟು.

ಬದರ್ ಈ ಗಾಡಿಯನ್ನು ತಂದದ್ದು ಹಿಂದಿನ ಸೆಪ್ಟೆಂಬರಿನಲ್ಲಿ. ಸಾವಿರದ ಒಂಬೈನೂರ ಮೂವತ್ತೆರಡನೇ ಇಸವಿಯ ಎರಡು ಬಾಗಿಲಿನ ಫೋರ್ಡ್. ಅಮೆರಿಕದಲ್ಲಿ ಓದಿ ಬಂದ ಅವನಿಗೆ ಅಲ್ಲಿಯ ಹುಚ್ಚು ಹತ್ತಿತ್ತು. ಹಾಟ್ ರಾಡ್ ಬೇಕು, ಸ್ಟ್ರೀಟ್ ರಾಡ್ ಬೇಡ ಎಂದು ಮೊದಲ ದಿನವೇ ಹೇಳಿ, ವ್ಯತ್ಯಾಸವನ್ನು ತಾನೇ ಬಿಡಿಸಿ ತಿಳಿಸಿದ. ಎರಡೂ ಹುಟ್ಟುವುದು ಹಳೆಯ ಕಾಲದ ಗಾಡಿಯಿಂದ, ಎರಡರಲ್ಲೂ ಕೂರಿಸುವುದು ದೊಡ್ಡ ಎಂಜಿನ್ನು. ಆದರೆ ಹಾಟ್ ರಾಡ್‌ನಲ್ಲಿ ವೇಗಕ್ಕೆ ಬೇಡದ್ದೆಲ್ಲ ಕಳಚಿಹೋಗುತ್ತದೆ: ಮಡ್‌ಗಾರ್ಡ್ ಇಲ್ಲ, ಬಾನೆಟ್ ಇಲ್ಲ, ಮೇಲಿನ ಟಾಪನ್ನೂ ನಾಲ್ಕು ಇಂಚು ಕೊಯ್ದು ತಗ್ಗಿಸುತ್ತಾರೆ. ಉಳಿದದ್ದು ಹಳೆಯದಾಗಿಯೇ ಇರಬೇಕು. ಸ್ಟ್ರೀಟ್ ರಾಡ್‌ಗೆ ಮೈ ಮಾತ್ರ ಹಳೆಯದು, ಎ.ಸಿ., ಪವರ್ ಸ್ಟೇರಿಂಗ್, ಡಿಸ್ಕ್ ಬ್ರೇಕು, ಒಳಗೆಲ್ಲ ಇಂದಿನದು. ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ದಿನಾ ಓಡಿಸಬಹುದು. ಅಂಥದ್ದು ಮುದುಕರ ಆಟಿಕೆ ಎಂದು ಬದರ್ ನಕ್ಕಿದ್ದ.

ಗ್ಯಾರೇಜು ನಡೆಸುತ್ತಿದ್ದ ಉಳ್ಳಾಲದ ಮುತ್ತಲಿಬ್ ಬ್ಯಾರಿ, ಊರಿನಲ್ಲಿ ಕ್ರೈಸ್ತರನ್ನು ಕರೆಯುವಂತೆ ಬೊನವೆಂಚರ್‌ರನ್ನು ಪೊರ್ಬುಗಳೇ ಎನ್ನುತ್ತಿದ್ದವನು, ಅವತ್ತು ಚಹಾ ಕುಡಿಯುತ್ತ ಇದನ್ನೆಲ್ಲ ಒಂದೇ ಮಾತಿನಲ್ಲಿ ಮುಗಿಸಿದ್ದ.

“ಒಂದು ಕಂಬಳದ ಕೋಣ, ಇನ್ನೊಂದು ಗಾಡಿ ಎಳೆಯುವ ಕೋಣ. ಅಷ್ಟೇ ಅಲ್ವಾ ಪೊರ್ಬುಗಳೇ?”

“ಅಷ್ಟೇ. ಆದ್ರೆ ಕಂಬಳದ ಕೋಣವನ್ನು ಹಿಡಿದು ನಿಲ್ಲಿಸ್ಲಿಕ್ಕೆ ಗದ್ದೆಯ ತುದಿಯಲ್ಲಿ ಹತ್ತು ಜನ ಇರ್ತಾರೆ. ಇಲ್ಲಿ ಯಾರುಂಟು?”

ಆ ಮಾತು ನಗೆಯಾಗಿ ಉಳಿಯಲಿಲ್ಲ. ಫೆಬ್ರವರಿಯಲ್ಲಿ ಬೊನವೆಂಚರ್ ಗಾಡಿಯನ್ನು ಗೋದಾಮುಗಳ ಹಿಂದಿನ ರಸ್ತೆಯಲ್ಲಿ ಓಡಿಸಿ ನೋಡಿದರು. ಅಷ್ಟೇನೂ ವೇಗವಿರಲಿಲ್ಲ. ನಿಲ್ಲಬೇಕಾದಲ್ಲಿ ಪೆಡಲ್ ಒತ್ತಿದರು. ಮೂವತ್ತೆರಡರ ಸರಳುಗಳು ಎಳೆದವು, ನರಳಿದವು, ಗಾಡಿ ಮಾತ್ರ ಹೋಗುತ್ತಲೇ ಇತ್ತು. ಎದುರಿಗೆ ಕಾರ್ಮಿಕರ ಕ್ಯಾಂಪಿನ ಬಸ್ಸಿಗೆ ಕಾಯುತ್ತಿದ್ದ ಕೂಲಿಗಳ ಸಾಲು. ಕೊನೆಗೆ ಗಾಡಿ ನಿಂತಾಗ ಒಬ್ಬನ ಊಟದ ಚೀಲ ರೇಡಿಯೇಟರಿಗೆ ತಾಗಿಕೊಂಡಿತ್ತು. ಅವನು ಬೈಯಲೂ ಇಲ್ಲ, ಚೀಲವನ್ನು ಇನ್ನೊಂದು ಕೈಗೆ ಬದಲಾಯಿಸಿದ. ಬೊನವೆಂಚರ್ ಇಳಿದು, ನಿಲ್ಲಬೇಕಾಗಿದ್ದ ಜಾಗಕ್ಕೆ ಹೆಜ್ಜೆ ಎಣಿಸುತ್ತ ನಡೆದರು. ಹತ್ತೊಂಬತ್ತು.

ಬ್ರೇಕು ಸಾಲದು ಎಂದು ಬದರ್‌ಗೆ ಹೇಳಿದರು. ಆ ಕಾಲದವರು ಇದರಲ್ಲೇ ಓಡಾಡಲಿಲ್ಲವೇ, ಪ್ರದರ್ಶನದಲ್ಲಿ ಬಲ್ಲವರು ಬಗ್ಗಿ ನೋಡುತ್ತಾರೆ, ಹಳೆಯ ಡ್ರಮ್ಮು ಹಳೆಯ ಸರಳು ಇರಲೇಬೇಕು, ಓಡಿಸುವವನು ತಾನೊಬ್ಬನೇ ತಾನೆ ಎಂದ. ಜೀವ ಅವನದು, ಗಾಡಿ ಅವನದು. ಬೊನವೆಂಚರ್ ಹಳೆಯ ಸರಳುಗಳಿಗೇ ಎಣ್ಣೆ ಹಾಕಿದರು.

ವಾರ ಕಳೆದು ಬದರ್ ಮಗಳನ್ನು ಕರೆದುಕೊಂಡು ಬಂದ. ಏಳು ವರ್ಷದ ದಾನಾ. ಅವಳನ್ನು ಪಕ್ಕದ ಸೀಟಿನಲ್ಲಿ ಕೂರಿಸಿ, ಅವಳ ಅಳತೆಗೊಂದು ಬೆಲ್ಟು ಹೊಲಿಸಬೇಕು, ಗಾಡಿ ಕೈಗೆ ಬಂದ ಮೇಲಿನ ಶುಕ್ರವಾರ ಗಲ್ಫ್ ರೋಡಿನ ಹಳೆಯ ಗಾಡಿಗಳ ಮೆರವಣಿಗೆಯಲ್ಲಿ ಇವಳು ನನ್ನ ಜೊತೆ ಎಂದ. ಬೆಲ್ಟಿಗೆ ಅಳತೆ ಹಿಡಿದದ್ದು ಬೊನವೆಂಚರ್. ಅವರ ಒಂದೂವರೆ ಗೇಣಿಗೆ ಆ ಹೆಗಲು ಮುಗಿದಿತ್ತು.

ಮರುದಿನವೇ ಅವರು ಅಮ್ಘರಾದ ಗುಜರಿಗೆ ಹೋಗಿ, ಅಪಘಾತದಲ್ಲಿ ಹಿಂಭಾಗ ಜಜ್ಜಿದ ಜಪಾನಿ ಗಾಡಿಯೊಂದರ ಡಿಸ್ಕ್ ಬ್ರೇಕುಗಳನ್ನು ಬಿಚ್ಚಿ ತಂದರು. ಹಳೆಯ ಡ್ರಮ್ಮುಗಳ ಒಡಲನ್ನು ಕೊರೆದು ತೆಗೆದು, ಹೊರಚಿಪ್ಪನ್ನು ಮಾತ್ರ ಡಿಸ್ಕಿನ ಮೇಲೆ ಮುಚ್ಚಳದಂತೆ ಕೂರಿಸಿದರು. ಪೆಡಲಿನಿಂದ ಡಿಸ್ಕಿಗೆ ಹೋಗುವ ಎಣ್ಣೆಕೊಳವೆಗಳನ್ನು ಚಾಸಿಸಿನೊಳಗೆ ಅಡಗಿಸಿ, ಸರಳುಗಳನ್ನು ಇದ್ದಲ್ಲೇ ಬಿಟ್ಟರು, ಎರಡೂ ತುದಿ ಕಟ್ಟಿ. ಹೊರಗಿನಿಂದ ಹಾಟ್ ರಾಡ್. ಚಕ್ರದೊಳಗೆ ಮಾತ್ರ ಸ್ಟ್ರೀಟ್ ರಾಡ್. ಮುತ್ತಲಿಬ್‌ಗೂ ಹೇಳಲಿಲ್ಲ.

ನಾಲ್ಕಕ್ಕೆ ಐದು ನಿಮಿಷವಿರುವಾಗ ಬದರ್ ಬಂದ. ಜೊತೆಗೆ ಮಗಳು, ಮತ್ತು ಇಂಥ ಗಾಡಿಗಳ ವಿಷಯದಲ್ಲಿ ಎಲ್ಲರೂ ಅಭಿಪ್ರಾಯ ಕೇಳುವ ಅವನ ಗೆಳೆಯ ಮಿಶಾರಿ. ದಾನಾ ನೇರ ಅಂಗಳದಾಚೆ ಮಲಗಿದ್ದ ಬೆಕ್ಕಿನ ಕಡೆ ಹೋದಳು. ಬದರ್ ಗಾಡಿಯ ಸುತ್ತ ಎರಡು ಸುತ್ತು ಬಂದು, ಮೆಚ್ಚುಗೆಯಿಂದ ಬೊನವೆಂಚರ್‌ರ ಹೆಗಲ ಮೇಲೆ ಕೈಯಿಟ್ಟ. ಆ ಕೈಯ ಭಾರದ ಕೆಳಗೆ ಅವರು ಮಿಶಾರಿಯನ್ನೇ ನೋಡುತ್ತಿದ್ದರು. ಮಿಶಾರಿ ಎಂಜಿನ್ ನೋಡಿದ, ಬೆಸುಗೆ ನೋಡಿದ, ತಲೆದೂಗಿದ. ಆಮೇಲೆ ಒಂದು ರಟ್ಟಿನ ಪೆಟ್ಟಿಗೆಯನ್ನು ಹರಿದು ನೆಲಕ್ಕೆ ಹಾಸಿ, ಬಿಳಿ ನಿಲುವಂಗಿ ದಿಶ್ದಾಶವನ್ನು ಮಂಡಿಗೆ ಸುತ್ತಿಕೊಂಡು ಗಾಡಿಯಡಿ ಮಲಗಿದ.

ಪೆಡಲ್ ಒತ್ತಲು ಹೇಳಿದ. ಬದರ್ ಒತ್ತಿದ. ಇನ್ನೊಮ್ಮೆ ಒತ್ತಲು ಹೇಳಿದ. ಬೊನವೆಂಚರ್‌ರ ಎಡ ಅಂಗೈ ತಾನಾಗಿ ಪ್ಯಾಂಟಿಗೆ ಒರೆಸಿಕೊಂಡಿತು.

ಸರಳು ಅಲುಗುವುದಿಲ್ಲ ಎಂದ ಮಿಶಾರಿ.

ಅವನು ಹೊರಬಂದು ಚಕ್ರದ ಹಿಂದೆ ಬೆರಳು ತೂರಿಸಿ ತಡವಿದ್ದಕ್ಕೂ ಎಲ್ಲ ಹೊರಬಿದ್ದದ್ದಕ್ಕೂ ಹೆಚ್ಚು ಸಮಯ ಹಿಡಿಯಲಿಲ್ಲ. ಬದರ್‌ನ ದನಿ ಏರಲಿಲ್ಲ. ಅದೇ ಹೆದರಿಕೆ ಹುಟ್ಟಿಸುವಂತಿತ್ತು. ಆರು ತಿಂಗಳು ಕಾದದ್ದು ಸುಳ್ಳು ಗಾಡಿಗೋ ಎಂದು ಕೇಳಿದ. ಎಲ್ಲವನ್ನೂ ಬಿಚ್ಚಿ ಹಳೆಯದನ್ನು ಇವತ್ತೇ ಜೋಡಿಸಬೇಕು, ಖಲಾಸ್ ಎಂದ.

ಮುತ್ತಲಿಬ್ ಬೊನವೆಂಚರ್‌ರನ್ನು ಪಕ್ಕಕ್ಕೆ ಎಳೆದ.

“ಎಂತ ಮಾಡಿ ಹಾಕಿದ್ರಿ ನೀವು. ನಮಗೆಲ್ಲ ವೀಸಾ ಕೊಟ್ಟ ಕಫೀಲ್ ಇವನ ಸೋದರಮಾವ. ಎಂಟು ಜನರ ಇಕಾಮಾ ಅವನ ಕೈಯಲ್ಲುಂಟು, ನಿಮ್ಮದು ಬರುವ ತಿಂಗಳು ಮುಗೀತದೆ, ಅವನು ಹೊಸತು ಮಾಡದಿದ್ರೆ ಊರಿಗೆ ಹೋಗ್ಬೇಕು.”

“ಗೊತ್ತುಂಟು.”

“ಗೊತ್ತಿದ್ದೂ?”

“ಅವನೊಬ್ಬನೇ ಹೋಗುವುದಾದ್ರೆ ನಾನು ಮುಟ್ತಿರ್ಲಿಲ್ಲ ಮಾರಾಯ. ಮಗುವನ್ನು ಪಕ್ಕದಲ್ಲಿ ಕೂರಿಸ್ತೇನೆ ಅಂತ ಅವನೇ ಹೇಳಿದ್ದು. ಹೇಳಿದ ದಿನವೇ ಅದು ಹಾಟ್ ರಾಡ್ ಅಲ್ಲದೆ ಹೋಯ್ತು. ನೀನೇ ಹೇಳು ಅವನಿಗೆ, ನನ್ನ ಅರಬಿ ಸಾಲುದಿಲ್ಲ.”

ಮುತ್ತಲಿಬ್ ಹೇಳಿದ. ಮೆತ್ತಗೆ ಮಾಡಿ ಹೇಳುತ್ತಾನೇನೋ ಎಂದು ಬೊನವೆಂಚರ್ ಕಿವಿಗೊಟ್ಟು ಕೇಳಿದರು. ಇಲ್ಲ, ಇದ್ದದ್ದನ್ನು ಇದ್ದ ಹಾಗೆಯೇ ಹೇಳಿದ. ಬೊನವೆಂಚರ್ ಜೇಬಿನಿಂದ ಹದಿನಾಲ್ಕರ ಸ್ಪ್ಯಾನರ್ ತೆಗೆದು ಸೀಟಿನ ಮೇಲೆ, ಆ ಸಣ್ಣ ಬೆಲ್ಟಿನ ಪಕ್ಕ ಇಟ್ಟರು. ಸರಳು, ಕೊಂಡಿ ಎಲ್ಲ ಇಲ್ಲೇ ಇವೆ, ಬೇರೆ ಡ್ರಮ್ಮೂ ಹುಡುಕಿದರೆ ಸಿಗುತ್ತದೆ. ಬಿಚ್ಚುವವರು ಬಿಚ್ಚಲಿ, ತನ್ನ ಕೈಯಿಂದ ಆಗದು ಎಂದು ಅದನ್ನೂ ಮುತ್ತಲಿಬ್‌ನಿಂದಲೇ ಹೇಳಿಸಿದರು.

ಬದರ್ ಸ್ಪ್ಯಾನರ್ ನೋಡಿದ. ಮಗಳ ಕಡೆ ನೋಡಲಿಲ್ಲ.

“ಎಷ್ಟು ವ್ಯತ್ಯಾಸ?” ಎಂದ, ಎಲ್ಲರಿಗೂ ತಿಳಿಯುವ ಗ್ಯಾರೇಜಿನ ಹಿಂದಿಯಲ್ಲಿ. “ಹಳೆಯದಕ್ಕೂ ಇದಕ್ಕೂ? ಎರಡು ಹೆಜ್ಜೆ? ಮೂರು?”

ಬೊನವೆಂಚರ್ ಗಾಡಿಯ ಮುಂದಕ್ಕೆ ಬಂದರು. ಮುಂದಿನ ಚಕ್ರಕ್ಕೆ ಹಿಮ್ಮಡಿ ತಾಗಿಸಿ ನಿಂತು, ಅಂಗಳದ ಉದ್ದಕ್ಕೆ ನಡೆಯತೊಡಗಿದರು. ಒಂದು, ಎರಡು, ಮೂರು. ನಾಲ್ಕಕ್ಕೆ ಮಿಶಾರಿ ದಾರಿ ಬಿಟ್ಟು ಸರಿದ. ಎಂಟಕ್ಕೆ ನೆರಳು ಮುಗಿದು ಬಿಸಿಲು ಬಂತು. ಹನ್ನೆರಡನೆಯ ಹೆಜ್ಜೆಯಲ್ಲಿ ದಾನಾ ಬೆಕ್ಕಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತಿದ್ದಳು. ಅವಳು ತಲೆಯೆತ್ತಿ ನೋಡಿದಳು. ಅವಳನ್ನು ಬಳಸಿ ಮುಂದೆ ಹೋದರು. ಹದಿಮೂರು. ಹದಿನಾಲ್ಕು.

“ಪೊರ್ಬುಗಳೇ, ಅವನು ಕೇಳ್ತಾ ಇದ್ದಾನೆ, ಅಲ್ಲೇ ನಿಂತು ಒಂದು ಮಾತು ಹೇಳಿ,” ಎಂದು ಮುತ್ತಲಿಬ್ ಹಿಂದಿನಿಂದ ಕರೆದ.

ಹತ್ತೊಂಬತ್ತಕ್ಕೆ ಗೇಟು ಬಂತು. ಹಳೆಯ ಬ್ರೇಕಿನಲ್ಲಿ ಗಾಡಿ ಮೀರಿ ಹೋದದ್ದು ಸರಿಯಾಗಿ ಇಷ್ಟು ದೂರ. ಅವರು ನಿಲ್ಲಲೂ ಇಲ್ಲ, ಬಿಟ್ಟುಬಂದ ಸ್ಪ್ಯಾನರಿಗಾಗಿ ತಿರುಗಲೂ ಇಲ್ಲ. ಕ್ಯಾಂಪಿನ ಬಸ್ಸಿಗೆ ಜನ ಸೇರುತ್ತಿದ್ದ ತಿರುವಿನ ಕಡೆಗೆ, ಅದೇ ಹೆಜ್ಜೆಯಲ್ಲಿ ನಡೆದೇ ಹೋದರು.