ಯಾರದೂ ಅಲ್ಲದ ಕೆಮ್ಮು

ಹವಾಲ್ದಾರ್ ಮಲ್ಲಣ್ಣನವರಿಗೆ ಕೆಮ್ಮು ಬಂದರೆ ಎದ್ದು ಹೋಗಿ ಗೋಡೆಗೆ ಮುಖಮಾಡಿ ನಿಲ್ಲುತ್ತಿದ್ದರು. ನಮಗೆ ಅದುರುವ ಬೆನ್ನು ಮಾತ್ರ ಕಾಣುತ್ತಿತ್ತು. ಮುಗಿದ ಮೇಲೆ ನಾಲ್ಕು ಮಡಿಕೆಯ ಕರವಸ್ತ್ರದಿಂದ ಮೀಸೆ ಒರೆಸಿ, ಹಿಮ್ಮಡಿ ಜೋಡಿಸಿ, ಏನೂ ಆಗಿಲ್ಲವೆಂಬಂತೆ ಇತ್ತ ತಿರುಗುತ್ತಿದ್ದರು.

ನಂಜನಗೂಡಿನಲ್ಲಿ ನಮ್ಮ ಪಕ್ಕದ ಮನೆ ಅವರದು. ಸೈನ್ಯದಲ್ಲಿದ್ದಾಗ ಹಿಮದ ಗಡಿಯ ಕ್ಯಾಂಪೊಂದರಲ್ಲಿ ಕಸ ಸುಡುವ ಗುಂಡಿ ಅವರ ಉಸ್ತುವಾರಿಯಲ್ಲಿತ್ತು. ಟೈರು, ಪ್ಲಾಸ್ಟಿಕ್ಕು, ಹಳೆಯ ಬ್ಯಾಟರಿ, ಎಲ್ಲಕ್ಕೂ ಡೀಸೆಲ್ ಸುರಿದು ಬೆಂಕಿ. ಚಳಿಗೆ ಜವಾನರು ಅದರ ಸುತ್ತಲೇ ಕೂರುತ್ತಿದ್ದರಂತೆ. "ಬೆಳಿಗ್ಗೆ ಉಗುದ್ರೆ ಕಪ್ಪಗೆ ಬರೋದು ಕಣವ್ವ. ಪೆನ್ನು ಲೀಕಾಯ್ತು ಅಂತ ನಗ್ತಿದ್ದೊ," ಎಂದಿದ್ದರು ನನ್ನ ಹತ್ತಿರ. ವರ್ಷದ ತಪಾಸಣೆಯಲ್ಲಿ ಕೆಮ್ಮಿದವನಿಗೆ ಬಡ್ತಿ ನಿಲ್ಲುತ್ತಿತ್ತಂತೆ. ಡಾಕ್ಟರ ಮುಂದೆ ಉಸಿರು ಬಿಗಿಹಿಡಿಯುವುದನ್ನು ಅಲ್ಲಿ ಎಲ್ಲರೂ ಕಲಿತಿದ್ದರು.

ನಿವೃತ್ತರಾದ ಮೇಲೆ ಟಿ. ನರಸೀಪುರದ ಅಕ್ಕಿ ಗಿರಣಿಯೊಂದರ ಗೇಟು ಕಾಯತೊಡಗಿದರು. ಸಂಜೆ ಬಸ್ಸಿಳಿದು ಬರುವಾಗ ಹೊಟ್ಟಿನ ಧೂಳು ಹುಬ್ಬಿನಲ್ಲಿ, ಕಿವಿಯ ಕೂದಲಲ್ಲಿ ಕೂತಿರುತ್ತಿತ್ತು. ಕೆಮ್ಮು ಶುರುವಾದರೆ ಹಮಾಲಿಗಳು, "ಮಿಲ್ಟ್ರಿ ಗಾಡಿ ಸ್ಟಾರ್ಟಾಯ್ತು, ಸೈಡ್ ಬುಡ್ರಲಾ," ಎನ್ನುತ್ತಿದ್ದರಂತೆ. ಅದನ್ನೂ ಅವರೇ ನಗುತ್ತಾ ಹೇಳುತ್ತಿದ್ದರು.

ಮೈಸೂರಿನ ಡಾಕ್ಟರು ನಗಲಿಲ್ಲ. ಉರಿಯೂತದಿಂದ ಶ್ವಾಸಕೋಶ ಒಣಗಿದ ಹೀರೆಕಾಯಿಯಂತೆ ನಾರಾಗುತ್ತಿದೆ. ಹೊಗೆಯಲ್ಲಿ ಹತ್ತಿದ್ದು ಧೂಳಿನಲ್ಲಿ ಬೆಳೆಯುತ್ತಿದೆ. ಗಿರಣಿ ಬಿಟ್ಟರೆ ಬದುಕುತ್ತೀರಿ ಎಂದರು. ಬರುತ್ತಿದ್ದ ಪಿಂಚಣಿ ಮಕ್ಕಳ ಓದಿಗೇ ಸಾಲುತ್ತಿರಲಿಲ್ಲ. ಗಿರಣಿ ಬಿಡಬೇಕಾದರೆ ರೋಗ ಸೇವೆಯಿಂದ ಬಂದದ್ದೆಂದು ಮಿಲಿಟರಿ ವೈದ್ಯರು ಒಪ್ಪಿ, ಅದಕ್ಕೆ ಬೇರೆ ಪಿಂಚಣಿ ಕೊಡಬೇಕಿತ್ತು.

ನನಗೆ ಇಂಗ್ಲಿಷ್ ಬರುತ್ತದೆಂದು ಅವರ ಹೆಂಡತಿ ಶಿವಮ್ಮ ಮಿಲಿಟರಿ ಆಸ್ಪತ್ರೆಗೆ ನನ್ನನ್ನೂ ಕರೆದುಕೊಂಡು ಹೋದಳು. ದಾರಿಯುದ್ದಕ್ಕೂ ಕೆಮ್ಮಿದ ಮನುಷ್ಯ ಡಾಕ್ಟರ ಕೋಣೆಯ ಬಾಗಿಲ ಬಳಿ ಎದೆಯುಬ್ಬಿಸಿ ಒಳಗೆ ನಡೆದರು. ಈ ಕಾಯಿಲೆ ಸರ್ವಿಸ್‌ನಲ್ಲಿದ್ದಾಗಲೇ ಇತ್ತೇ ಎಂದು ವೈದ್ಯಾಧಿಕಾರಿ ಹಿಂದಿಯಲ್ಲಿ ಕೇಳಿದರು. ಮಲ್ಲಣ್ಣನವರ ಕಿವಿಗಳು ಕೆಂಪಗಾದವು. ಕೈಗಳನ್ನು ಪ್ಯಾಂಟಿನ ಹೊಲಿಗೆಗೆ ಒತ್ತಿಕೊಂಡರು. ಹಿಂದಿಯಲ್ಲೇ ಗಟ್ಟಿಯಾಗಿ ಹೇಳಿದರು: "ಒಂದು ದಿನವೂ ಸಿಕ್ ಆಗಿಲ್ಲ, ಸಾಬ್."

ನಾನು ಎದ್ದು ಗುಂಡಿಯ ವಿಷಯ ತೆಗೆದೆ. ಪೇಷೆಂಟ್ ಮಾತ್ರ ಮಾತಾಡಬೇಕೆಂದು ಹೇಳಿ ಅಧಿಕಾರಿ ನಮ್ಮಿಬ್ಬರನ್ನೂ ಹೊರಗೆ ಕಳಿಸಿ ಬಾಗಿಲು ಹಾಕಿದರು.

ಮಲ್ಲಣ್ಣ ಹೊರಗೆ ಬಂದವರೇ ಗೋಡೆ ಹಿಡಿದು ನಿಂತರು. ಶಿವಮ್ಮ ಅವರ ಬೆನ್ನಿಗೇ ಹೇಳಿದಳು: "ಕೆಮ್ಮಿ ತೋರ್ಸಿ ಅಂತ ಕರ್ಕೊಂಡ್ ಬಂದ್ರೆ ಸಲೂಟ್ ಒಡ್ದು ಬಂದ್ರಲ್ಲ. ಸಾಯಕೂ ಪರ್ಮಿಸನ್ ಕೇಳೀರಾ?"

"ಆಫೀಸರ್ ಮುಂದೆ ನಿಂತ್ರೆ ಬಾಯ್ಗೆ ಬ್ಯಾರೆ ಮಾತೇ ಬರಕಿಲ್ಲ ಕಣೆ," ಎಂದರು ಅವರು.

ರೋಗ ಗಿರಣಿಯದೆಂದು ಮಿಲಿಟರಿಯವರು ತೀರ್ಮಾನಿಸಿದರು. ಗಿರಣಿಯ ಯಜಮಾನರು, ಅದು ಮಿಲಿಟರಿಯಿಂದ ತಂದದ್ದು ಎಂದರು. ಮಲ್ಲಣ್ಣ ಮರುದಿನ ಗೇಟಿಗೆ ಹೋದರು. ಮಳೆಗಾಲ ಕಳೆಯುವ ಹೊತ್ತಿಗೆ ಆ ಗೇಟಿನ ಕುರ್ಚಿಯಲ್ಲೇ ಹೋದರು.

ಯಜಮಾನರು ಹಾರ ತಂದು ಹಾಕಿದರು. ಇಂಥ ನಿಯತ್ತಿನ ಆಳು ಮತ್ತೆ ಸಿಗುವುದಿಲ್ಲ ಎಂದು ಕಣ್ಣೊರೆಸಿಕೊಂಡರು. ಹೊರಡುವಾಗ ಮೆಲ್ಲಗೆ ಶಿವಮ್ಮನ ಹತ್ತಿರ ಬಂದು, "ಆ ಗೇಟಿನ ಯೂನಿಫಾರ್ಮ್ ಒಂದ್ನ ಒಗ್ದು ಕೊಟ್ಬುಡವ್ವ. ಸೋಮವಾರ ಒಬ್ಬ ಬತ್ತವ್ನೆ. ಅವ್ನೂ ಮಿಲ್ಟ್ರಿಯವ್ನೇಯ," ಎಂದರು.

ಶಿವಮ್ಮ ಬಕೆಟ್ಟಿನಲ್ಲಿ ನೆನೆಹಾಕಿದಳು. ಎಷ್ಟು ನೀರು ಬದಲಾಯಿಸಿದರೂ ಹೊಟ್ಟಿನ ಬಣ್ಣವೇ ಬಿಡುತ್ತಿತ್ತು.