ಜಗಳೂರಿನಲ್ಲಿ ಬಿಟ್ಟ ಸ್ವರಗಳು

ಜಗಳೂರಿನ ಆ ಸಂಜೆ ಮಾವನ ಬೆರಳುಗಳಿಗೆ ಹರೆಯ ಮರಳಿತ್ತು ಎಂದು ನಮ್ಮ ಮನೆಯವರೆಲ್ಲ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಮುಂದಿನ ಸಾಲಿನಲ್ಲಿ ಕೂತು ನೋಡಿದವಳು ನಾನು. ಅವರ ಎಡಗೈಯ ಎರಡು ಬೆರಳು ಆವತ್ತೂ ಸೆಟೆದುಕೊಂಡೇ ಇದ್ದವು.

ಚನ್ನಗಿರಿಯ ನನ್ನ ಮಾವ, ಅಂದರೆ ಅಮ್ಮನ ಅಣ್ಣ, ವಯಸ್ಸು ಎಪ್ಪತ್ತರ ಹತ್ತಿರ ಬಂದರೂ ರಾಕ್ ಗಿಟಾರ್ ನುಡಿಸುತ್ತಾರೆ. ಜಗಳೂರಿನ ಕಾರ್ಯಕ್ರಮಕ್ಕೆ ಒಂದು ತಿಂಗಳು ಮೊದಲು ಹೊನ್ನಾಳಿಯ ವೇದಿಕೆಯಲ್ಲಿ, ಗಿಟಾರ್ ಒಂದೇ ಮುಂದಾಗಿ ನುಡಿಯುವ ವೇಗದ ಸೋಲೋ ನಡುವೆ ಆ ಬೆರಳುಗಳು ಏಳಲೇ ಇಲ್ಲ. "ಅಜ್ಜಾರೆ, ಗಿಟಾರ್ ಬಿಟ್ಟು ಭಜನೆಗೆ ಬರ್ರಿ, ತಾಳ ಹಾಕಾಕೆ ಜನ ಬೇಕಾಗೈತೆ" ಎಂದು ಯಾರೋ ಕೂಗಿದರು, ಎಲ್ಲರೂ ನಕ್ಕರು.

"ಜಗಳೂರಲ್ಲೂ ಹಿಂಗೇ ಆದ್ರೆ ಇದನ್ನ ಅಟ್ಟಕ್ಕೆ ಹಾಕ್ತೀನಿ" ಎಂದರು ಮಾವ.

ಜಗಳೂರಿನ ಕಾಲೇಜು ಮೈದಾನದಲ್ಲಿ ಅದೇ ಸೋಲೋ ಬಂತು. ಮಾವ ವೇಗದ ಸ್ವರಗಳನ್ನೆಲ್ಲ ಬಿಟ್ಟು ಒಂದೇ ತಂತಿಯನ್ನು ಎಳೆದು ಹಿಡಿದರು. ಆ ಒಂದು ಸ್ವರ ಸ್ಪೀಕರುಗಳಲ್ಲಿ ಗುಂಯ್‌ಗುಡುತ್ತ ನಿಂತಿತು. ಆಮೇಲೆ ಕೈ ಎತ್ತಿ ಸುಮ್ಮನಾದರು. ಡ್ರಮ್ಸ್ ಮಾತ್ರ ನಡೆದಿತ್ತು. ಅವರು ಖಾಲಿ ಬಿಟ್ಟ ಜಾಗವನ್ನು ಇಡೀ ಮೈದಾನ ಚಪ್ಪಾಳೆಯಿಂದ ತುಂಬಿತು. ಮತ್ತೆ ತಂತಿ ಮೀಟುವಷ್ಟರಲ್ಲಿ ಕೂತವರೆಲ್ಲ ಎದ್ದಿದ್ದರು.

"ಅಜ್ಜಾರೆ, ಇನ್ನೊಂದ್ಸಲ ಆಗ್ಲಿ ರೀ" ಎಂಬ ಕೂಗಿಗೆ ಈ ಸಲ ಯಾರೂ ನಗಲಿಲ್ಲ. ಅವರು ಮತ್ತೆ ಮತ್ತೆ ನುಡಿಸಿದರು.

ಹರೆಯ ಮರಳಿತೆಂದರೆ ಆ ಗೆಲುವು ಚಿಕ್ಕದಾಗುತ್ತದೆ. ಗೆದ್ದದ್ದು ಮುದಿ ಬೆರಳೇ ಎಂಬುದು ನನ್ನ ವಾದ. ಆದರೆ ವಾದದ ಒಂದು ಎಳೆ ಸಡಿಲವಾಗಿತ್ತು. ವಾಪಸು ಬರುವ ಬಸ್ಸಿನಲ್ಲಿ ಮಾವ ಫೋನಿನಲ್ಲೇ ನ್ಯಾಮತಿಯ ಕಾರ್ಯಕ್ರಮಕ್ಕೆ ಒಪ್ಪಿಕೊಂಡ ಮೇಲೆ ಕೇಳಿದೆ:

"ಮಾವ, ನಿಜ ಹೇಳ್ರಿ, ಆ ವೇಗದ ಸ್ವರಗಳನ್ನ ನೀವೇ ಬೇಕಂತ ಬಿಟ್ರಾ, ಇಲ್ಲ ಬೆರಳು ಕೈಕೊಟ್ವಾ?"